ಅಕ್ಕನ ಹಳೇ ಇಂಗ್ಲಿಷು

ಶಿಡ್ಲಘಟ್ಟದ ನಮ್ಮ ರೇಷ್ಮೆ ಬಿಚ್ಚುವ ಮನೆಗೆ ಒಲೆ ಹೊತ್ತಿಸಲೆಂದು ತಂದ ರದ್ದಿಯಲ್ಲಿ ರಟ್ಟು ಹರಿದ ಇಂಗ್ಲಿಷ್ ನಿಘಂಟೊಂದು ಬಂದಿತ್ತು. ಅಕ್ಕ ಅದನ್ನು ಎತ್ತಿಟ್ಟುಕೊಂಡಳು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವಳು ಗೂಡು ಬೇಯಿಸುತ್ತಲೇ ಬಿ.ಎ. ಮುಗಿಸಿದಳು. ಈಗ ಯಾರೂ ಬಳಸದ ಪದಗಳೆಂದರೆ ಅವಳಿಗೆ ಪ್ರಾಣ. ನೋಟ್‌ಬುಕ್ಕಿನಲ್ಲಿ ಅವನ್ನು ಇಳಿಸಿಕೊಂಡು ಎದುರಿಗೆ ಕನ್ನಡದ ಅರ್ಥ ಬರೆಯುತ್ತಿದ್ದಳು. ಫ್ಯುಲಿಜಿನಸ್ ಎಂದರೆ ಮಸಿ ಹಿಡಿದದ್ದು, ನಮ್ಮ ಗೋಡೆಯ ಹಾಗೆ. ಲುಗೂಬ್ರಿಯಸ್ ಎಂದರೆ ಅಳುಮೋರೆಯದು.

“ನಿನ್ ಥರಾನೇ ಕಣೋ,” ಎನ್ನುತ್ತಿದ್ದಳು.

ಒಮ್ಮೆ ಹಳದಿ ಗೂಡೊಂದನ್ನು ಹಿಡಿದು ಓಡಿಬಂದಳು. “ಬಾಂಬಿಸಿನಸ್! ರೇಷ್ಮೆ ಬಣ್ಣದ್ದು ಅಂತ. ನಮ್ ಗೂಡಿಗೂ ಒಂದ್ ಪದ ಐತೆ, ನೋಡು.”

“ಹಂಗಂತ ಕೂಗಿದ್ರೆ ಎಳೆ ತಾನಾಗೇ ಬರ್ತದಾ?” ಎಂದೆ.

ಚಿಂತಾಮಣಿ ರಸ್ತೆಯ ಖಾಸಗಿ ಶಾಲೆಯೊಂದರಲ್ಲಿ ಅವಳು ಕೆಲಸಕ್ಕೆಂದು ಒಂದು ದಿನ ಪಾಠ ಮಾಡಿ ತೋರಿಸಿ ಬಂದಳು. ಮೂರು ದಿನದ ಮೇಲೆ ಅಲ್ಲಿನ ಹೆಡ್ ಮೇಡಂ ಮನೆಗೇ ಬಂದರು. ಅಕ್ಕ ಗೂಡು ನೋಡಲು ಮೇಲೂರಿಗೆ ಹೋಗಿದ್ದಳು.

“ಮಕ್ಕಳು ಇನ್ನೂ ಬಾಂಬಿಸಿನಸ್ ಮಿಸ್, ಬಾಂಬಿಸಿನಸ್ ಮಿಸ್ ಅಂತಿದಾವೆ ಕಣಪ್ಪ. ಸೋಮವಾರದಿಂದ ಬರ್ಲಿ ಅಂತ ಹೇಳೋಕೆ ಬಂದೆ.”

ಕುದಿನೀರಿನಲ್ಲಿ ಎಳೆಯ ತುದಿ ಹಿಡಿಯಲು ಅಕ್ಕನ ಬೆರಳಿಲ್ಲದೆ ನಮ್ಮ ಕೆಲಸ ನಡೆಯುತ್ತಿರಲಿಲ್ಲ. ಅದೊಂದೇ ಕಾರಣ ಎಂದರೆ ಸುಳ್ಳಾದೀತು. ನಾನು ಇಲ್ಲೇ ಬೇಯುತ್ತಿರುವಾಗ ಅವಳೊಬ್ಬಳು ಎದ್ದು ಹೋಗುವುದು ನನಗೆ ಬೇಕಿರಲಿಲ್ಲ.

“ಅಕ್ಕಂಗೆ ಒಂದೊಂದ್ ಸಲ ತಲೆ ಸರಿ ಇರಲ್ಲ ಮೇಡಂ. ಯಾರೂ ಆಡ್ದೇ ಇರೋ ಮಾತು ಆಡ್ತಾ ಇರ್ತಾಳೆ,” ಎಂದು ನೋಟ್‌ಬುಕ್ ತಂದು ತೋರಿಸಿದೆ.

ಅವರು ನಾಲ್ಕು ಹಾಳೆ ತಿರುವಿ ಮುಚ್ಚಿದರು. “ಹೇಳಿದ್ದು ಒಳ್ಳೇದಾಯ್ತು. ಮಕ್ಕಳ ವಿಷಯ, ನೋಡಪ್ಪ.”

ಅಕ್ಕ ಎರಡು ತಿಂಗಳು ಕಾದಳು. ಫೋನ್ ಮಾಡಿದಾಗಲೆಲ್ಲ ತಿಳಿಸ್ತೀವಿ ಎಂದರಂತೆ. ಆಮೇಲೆ ಒಂದು ಬೆಳಿಗ್ಗೆ, “ನನ್ ಇಂಗ್ಲಿಷು ಹಳೇದಾಯ್ತು ಕಣೋ, ಅದಕ್ಕೇ ಕರೀಲಿಲ್ಲ. ಇದನ್ನ ಒಲೆಗೆ ಹಾಕು,” ಎಂದು ನೋಟ್‌ಬುಕ್ ನನ್ನ ಕೈಗೆ ಕೊಟ್ಟಳು. ನಿಜ ಹೇಳಬಹುದಾಗಿತ್ತು. ಒಲೆಗೆ ಹಾಕಿದೆ.

ಆರು ವರ್ಷವಾಯಿತು. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಹೈಸ್ಕೂಲ್ ಯೂನಿಫಾರಂ ತೊಟ್ಟ ಹುಡುಗಿಯೊಬ್ಬಳು ಬಸ್ಸಿನ ಕಿಟಕಿಯಿಂದ, “ಬಾಂಬಿಸಿನಸ್ ಮಿಸ್!” ಎಂದು ಕೂಗಿದಳು. ಅಕ್ಕ ಬಿಸಿನೀರಿಗೆ ಸಿಪ್ಪೆ ಎದ್ದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ನನ್ನ ಯಾರೋ ಬೇರೆಯವರು ಅಂದ್ಕೊಂಡೈತೆ, ಪಾಪ,” ಎಂದಳು.

ಬಸ್ಸು ಹೊರಟಿತು. ನಾನು ಪಕ್ಕದಲ್ಲೇ ನಿಂತಿದ್ದೆ. “ಇರ್ಬೇಕು ಬಿಡು,” ಎಂದೆ.