ಚೀಟಿಯಲ್ಲಿರುವ ಉಸಿರು ನನ್ನದು

ಕಳೆದ ಸೋಮವಾರ ಅಕ್ಕ ಟ್ರಂಕಿನ ತಳದಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದಳು. ಭಾವನ ವರ್ಷಾಂತದ ತಿಥಿ ಮುಗಿದು, ಉಂಡವರೆಲ್ಲ ಎದ್ದುಹೋಗಿದ್ದರು.

"ತಮಾ, ನೀ ಓದಿದವ. ಈ ಅಂಕೆ ಎಂತು ಹೇಳು. ಉಸ್ರು ಗಟ್ಟಿ ಇದ್ದು ಹೇಳಿ ಡಾಕ್ಟ್ರೇ ಬರ್ದು ಕೊಟ್ಟಿದ್ದು. ಹಂಗಾದ್ರೆ ನಿನ್ನ ಭಾವಂಗೆ ಎಂತಾತು?"

ಚೀಟಿಯಲ್ಲಿ ಭಾವನ ಹೆಸರು. ಕೆಳಗೆ ಇನ್ನೂರಮೂವತ್ತು ಎಂಬ ಅಂಕೆ. ಏನು ಹೇಳಲಿ? ಹೆಸರು ಅವನದು, ಅಂಕೆ ನನ್ನದು.

ನನ್ನ ಭಾವನನ್ನು ಈ ಅಂಕಣ ಓದುವ ನಿಮ್ಮಲ್ಲಿ ಹಲವರು ಬಲ್ಲಿರಿ. ಮುಖ ನೋಡದಿದ್ದರೂ ಅವನ ಕೈಯ ಸಾರು ಉಂಡಿರುತ್ತೀರಿ. ಸೋಂದಾದಿಂದ ಯಲ್ಲಾಪುರದ ತನಕ ಎಲ್ಲಿ ಮದುವೆ ಮುಂಜಿಯಾದರೂ ಒಲೆಯ ಮುಂದೆ ಅವನೇ. ಹಸಿ ಕಟ್ಟಿಗೆ, ಹೊಗೆ, ಕೈಯಲ್ಲೊಂದು ಬಿದಿರಿನ ಊದುಗೊಳವೆ. ಮೂವತ್ತು ವರ್ಷ ಹೀಗೇ ಕಳೆಯಿತು. ಆ ಊದುಗೊಳವೆಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. (ಒಮ್ಮೆ ನಾನು ತಮಾಷೆಗೆ ಊದಿ ನೋಡಿದೆ. ಎಂಜಲಾಯಿತೆಂದು ಅದನ್ನೇ ಒಲೆಗೆ ಹಾಕಿಬಿಟ್ಟ.)

ಅವನಿಗೆ ಕೆಮ್ಮು ಹಿಡಿಯಿತು. ದೀಪಾವಳಿ ಕಳೆದರೂ ಬಿಡಲಿಲ್ಲ. ಪೇಪರು ಓದುವ ಈ ಪಂಡಿತ ಸುಮ್ಮನಿರುವುದುಂಟೆ? ಹುಬ್ಬಳ್ಳಿಯಲ್ಲಿ ಎದೆಯೊಳಗಿನ ಫೋಟೋ ತೆಗೆಯುತ್ತಾರೆಂದು ಹಟ ಹಿಡಿದು ಅವನನ್ನು ಸರ್ವಿಸ್ ಮೋಟಾರು ಹತ್ತಿಸಿದೆ. ಕಿರವತ್ತಿ ದಾಟುವಷ್ಟರಲ್ಲಿ ಧೂಳಿಗೆ ನಾನೂ ಕೆಮ್ಮುತ್ತಿದ್ದೆ.

ಎಕ್ಸ್‌ರೇಗೆ ಭಾವ ತಕರಾರು ಮಾಡಲಿಲ್ಲ. "ಬೆಳಕಿಗೆ ಮೈಲಿಗೆ ಇಲ್ಲೆ" ಎಂದು ಅಂಗವಸ್ತ್ರ ತೆಗೆದು ನಿಂತ. ಪ್ಲೇಟು ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಇಲ್ಲೊಂದು ಮಸುಕು ಕಾಣಸ್ತದ. ಹಳೇ ಕಲೆನೋ ಏನೋ. ಉಸಿರು ಅಳದು ನೋಡೋಣು. ಕಮ್ಮಿ ಬಂತಂದ್ರ ಇನ್ನ ಒಲಿ ಮುಂದ ಕೂಡೂ ಹಂಗಿಲ್ಲ."

ಪಕ್ಕದ ಕೋಣೆಯಲ್ಲಿ ಉಸಿರಿನ ಯಂತ್ರ. ನೀರಿನಲ್ಲಿ ಕವುಚಿಟ್ಟ ತಗಡಿನ ಡ್ರಮ್ಮು, ಅದಕ್ಕೊಂದು ರಬ್ಬರಿನ ನಳಿಗೆ. ಊದಿದರೆ ಡ್ರಮ್ಮು ಮೇಲೇಳುತ್ತದೆ, ಮುಳ್ಳು ಅಂಕೆ ತೋರಿಸುತ್ತದೆ. ಕಂಪೌಂಡರು ನಳಿಗೆಯನ್ನು ಪಂಚೆಯ ತುದಿಯಲ್ಲಿ ಒರೆಸಿ ಚಾಚಿದ. "ಜಗ್ಗಿ ಉಸಿರು ತೊಗೊಂಡು ಜೋರ್ ಊದ್ರಿ."

ಭಾವ ಎರಡು ಹೆಜ್ಜೆ ಹಿಂದೆ ಸರಿದ. "ಕಂಡವ್ರೆಲ್ಲ ಬಾಯಿಟ್ಟ ನಳಿಗೆಗೆ ಆನು ಬಾಯಿ ಹಚ್ಚತ್ನಿಲ್ಲೆ. ನಾಳೆ ಯಂಗೆ ಮಡಿ ಅಡ್ಗೆ ಇದ್ದು."

ಕೊನೆಗೆ, ನೀರು ಕುಡಿಯುವಾಗ ತಂಬಿಗೆಯನ್ನು ಮೇಲೆತ್ತಿ ಹಿಡಿಯುವ ಹಾಗೆ, ನಳಿಗೆಯನ್ನು ನಾಲ್ಕು ಬೆರಳು ದೂರ ಹಿಡಿದು ಊದಿದ. ಡ್ರಮ್ಮು ಅಲುಗಲಿಲ್ಲ. ನನಗೆ ರೇಗಿತು. "ಇಷ್ಟೇ ಅಲ್ಲವೋ ಮಾರಾಯ" ಎಂದು ನಾನೇ ಬಾಯಿ ಹಚ್ಚಿ ಊದಿ ತೋರಿಸಿದೆ. ಡ್ರಮ್ಮು ಜರ್ರನೆ ಎದ್ದಿತು. ನನ್ನ ಎದೆಯ ಬಲಕ್ಕೆ ನಾನೇ ಬೀಗಿದೆ, ನಾಚಿಕೆಗೇಡು.

ಬೆನ್ನು ಹಾಕಿ ಇನ್ನೊಬ್ಬ ರೋಗಿಯೊಡನೆ ಮಾತಾಡುತ್ತಿದ್ದ ಕಂಪೌಂಡರು ತಿರುಗಿ, ಮುಳ್ಳು ನೋಡಿ, ಬರೆದುಕೊಂಡ. ಭಾವನ ಹೆಸರಿನ ಮುಂದೆ.

ಡಾಕ್ಟರು ಚೀಟಿ ನೋಡಿ ನಕ್ಕರು. "ಕುದುರಿ ಉಸಿರದ. ಹಾಲು ಕುಡೀರಿ, ಕೆಲಸಕ್ಕ ಹೋಗ್ರಿ."

ನಾನು ಬಾಯಿ ತೆರೆದೆ. ತನಗೇನೂ ಆಗಿಲ್ಲವೆಂದು ಭಾವ ಮೇಜಿನ ಕೆಳಗೆ ನನ್ನ ಕೈ ಒತ್ತಿದ. "ಸುಮ್ನಿರು. ಯಂಗೆಂತೂ ಆಜಿಲ್ಲೆ." ಲಗ್ನದ ದಿನಗಳು ಎದುರಿಗಿದ್ದವು, ಅಡುಗೆಗೆಂದು ವೀಳ್ಯ ಒಪ್ಪಿಕೊಂಡಾಗಿತ್ತು. ನಾನು ಸುಮ್ಮನಾದೆ. ಅವನ ಮಾತಿಗೆ ಕಟ್ಟುಬಿದ್ದು ಎನ್ನಲೇ? ಇಲ್ಲ, ಮತ್ತೆ ಆ ರಗಳೆ ಯಾರಿಗೆ ಬೇಕು ಎನಿಸಿತ್ತು. ಮೋಟಾರಿಗೂ ಹೊತ್ತಾಗಿತ್ತು.

ವೈಶಾಖದ ಮದುವೆಗಳಿಗೆಲ್ಲ ಅವನೇ ಬೇಯಿಸಿದ. ದಾಸನಕೊಪ್ಪದ ಹತ್ತಿರ ಒಂದು ಮುಂಜಿಯಲ್ಲಿ ಒಲೆ ಊದುತ್ತಿದ್ದವನು ಊದುಗೊಳವೆ ಕೆಳಗಿಟ್ಟು ಗೋಡೆಗೆ ಒರಗಿದನಂತೆ. ಬಾಯಲ್ಲಿ ರಕ್ತ. ಮತ್ತೆ ಹದಿನೈದು ದಿನವೂ ಉಳಿಯಲಿಲ್ಲ.

ಹೋದ ತಿಂಗಳು ವಿಮೆಯ ಪರೀಕ್ಷೆಗೆಂದು ನಾನು ಅದೇ ಕೋಣೆಗೆ ಹೋಗಬೇಕಾಯಿತು. ನಳಿಗೆ ಕಂಡು ಹಿಂಜರಿದೆ. ಕಂಪೌಂಡರು ನನ್ನ ಜನಿವಾರ ನೋಡಿ, ಮೇಜಿನ ಖಾನೆಯಿಂದ ಕಾಗದ ಸುತ್ತಿದ ಹೊಸ ಗಾಜಿನ ತುದಿ ತೆಗೆದು ನಳಿಗೆಗೆ ಸಿಕ್ಕಿಸಿದ.

"ಮಡಿ ಮಂದಿಗೆ ಇಟ್ಟೇವ್ರಿ. ಕೇಳಿದ್ರ ಕೊಡ್ತೀವಿ."

ಅಂದೂ ಇತ್ತೇ ಎಂದು ಕೇಳಿದೆ. ಮೊದಲಿಂದಲೂ ಉಂಟಂತೆ. ಭಾವನ ಮಡಿಗೆ ರೇಗಿದ ನನಗೆ, ಬೇರೆ ತುದಿ ಉಂಟೇ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲವಲ್ಲ. ಊದಿದೆ. ಮುಳ್ಳು ಮತ್ತೆ ಇನ್ನೂರಮೂವತ್ತಕ್ಕೇ ಬಂದು ನಿಂತಿತು.

ಸೋಮವಾರ ಅಕ್ಕನಿಗೆ, "ಅದು ಡಾಕ್ಟರರ ಲೆಕ್ಕ, ನಮಗೆ ತಿಳಿಯುವುದಿಲ್ಲ" ಎಂದು ಹೇಳಿ ಎದ್ದು ಬಂದೆ. ಅವಳು ಚೀಟಿಯನ್ನು ಮಡಚಿ ಟ್ರಂಕಿನಲ್ಲಿಟ್ಟಳು.

ಅಕ್ಕನಿಗೆ ಓದಲು ಬಾರದು. ಈ ಅಂಕಣವನ್ನು ವಾರವಾರ ಅವಳಿಗೆ ಓದಿ ಹೇಳುವವನು ನಾನೇ.

ಈ ವಾರ ಏನೆಂದು ಓದಲಿ?