ಬಾತುಗಳಿಗೆ ರಾತ್ರಿಯ ನೀರು

ಹೊಸಕೆರೆಹಳ್ಳಿಯ ಕಮಲಾದೇವಿ ರಾತ್ರಿಯಿಡೀ ನಿದ್ದೆ ಮಾಡಿ ಎರಡು ವರ್ಷವಾಗಿತ್ತು. ಅದಕ್ಕೆ ಕಾರಣ ತಾರಸಿಯ ಮೇಲಿದ್ದ ನಾಲ್ಕು ಬಾತುಗಳು.

ತಂದವರು ಯಜಮಾನರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಹೊಸತರಲ್ಲಿ ಚನ್ನಬಸವಯ್ಯ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ತಂದು, "ಟೈಮ್ ಪಾಸ್ ಆಗತ್ತೆ ಕಣೇ" ಎಂದಿದ್ದರು. ಒಂದು ತಿಂಗಳು ಟೈಮು ಚೆನ್ನಾಗಿಯೇ ಪಾಸಾಯಿತು. ಆಮೇಲೆ ಅವರಿಗೆ ಮೊಣಕಾಲು ನೋವು ಶುರುವಾಯಿತು. ಪಾರ್ಕಿನ ವಾಕಿಂಗಿಗೆ ಅಡ್ಡ ಬಾರದ ಆ ನೋವು ತಾರಸಿಯ ಮೆಟ್ಟಿಲು ಕಂಡರೆ ಮಾತ್ರ ಕೆರಳುತ್ತಿತ್ತು.

ಬಾತು ಒಣ ಫೀಡು ತಿನ್ನುವಾಗ ಪಕ್ಕದಲ್ಲಿ ನೀರಿರಲೇಬೇಕು, ಇಲ್ಲದಿದ್ದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಮೊಬೈಲಿನಲ್ಲಿ ನೋಡಿ ಹೇಳಿದವರೂ ಯಜಮಾನರೇ. ಮನೆಯ ಪ್ರಾಣಿ ಹಸಿದು ಮಲಗಬಾರದೆಂಬುದು ಕಮಲಾದೇವಿಯ ಹಠ. ಹಾಗಾಗಿ ರಾತ್ರಿಗೂ ಗೂಡಿನಲ್ಲಿ ಒಂದು ತಟ್ಟೆ ಫೀಡು, ಒಂದು ಬಕೆಟ್ ನೀರು ಇಡುತ್ತಿದ್ದರು. ಆ ಪುಣ್ಯಾತ್ಮರು ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚು. ನೀರು ಮುಗಿದು ಫೀಡು ಉಳಿದರೆ ಗತಿಯೇನೆಂದು ಇವರು ರಾತ್ರಿ ಎರಡು ಸಲ ಎದ್ದು, ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಕೆಟ್ ತುಂಬಿಸಿ ಬರುತ್ತಿದ್ದರು. ಬೆಳಗಾದರೆ ಗೂಡಿನ ಕೆಸರು ಬಳಿಯುವ ಕೆಲಸ ಬೇರೆ.

ತಲಘಟ್ಟಪುರದಲ್ಲಿದ್ದ ಅಕ್ಕ ಜಯಶೀಲಾ ಫೋನ್ ಮಾಡಿದಾಗಲೆಲ್ಲ, "ಒಂದ್ ರಾತ್ರಿ ಉಳ್ಕೊಳೋ ಹಂಗೆ ಬಾರೇ" ಎನ್ನುತ್ತಿದ್ದರು. ಬನಶಂಕರಿಯಲ್ಲಿ ಮೆಟ್ರೋ ಹತ್ತಿದರೆ ಎಷ್ಟು ಹೊತ್ತಿನ ದಾರಿ! ಕಮಲಾದೇವಿಗೆ ಹೋಗುವ ಆಸೆ ಎಷ್ಟಿತ್ತೆಂದರೆ, ಆಸೆಪಟ್ಟೂ ಪಟ್ಟೂ ಸುಸ್ತಾಗಿತ್ತು. ಯಜಮಾನರದು ಯಾವಾಗಲೂ ಒಂದೇ ಮಾತು: "ಹೋಗು, ಯಾರು ಬೇಡ ಅಂದ್ರು? ಬಾತುಗಳಿಗೆ ರಾತ್ರಿ ನೀರಿಡೋರು ಯಾರು ಅಷ್ಟೇ."

ಒಂದು ಬಾತು ಕುಂಟತೊಡಗಿದಾಗ ಕಮಲಾದೇವಿಯೇ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ಪಶುವೈದ್ಯೆಯ ಹತ್ತಿರ ಹೋದರು. ಕಾಲಿಗೆ ಮುಲಾಮು ಹಚ್ಚಿದ ಆ ಹುಡುಗಿ ಇವರ ಕಣ್ಣ ಕೆಳಗಿನ ಕಪ್ಪು ನೋಡಿ ವಿಚಾರಿಸಿ, ಕತೆ ಕೇಳಿ ಹಣೆ ಚಚ್ಚಿಕೊಂಡಳು. "ಅಯ್ಯೋ ಆಂಟಿ, ಸಂಜೆ ಹೊಟ್ಟೆ ತುಂಬ ಫೀಡು, ನೀರು ಕೊಟ್ಟು ಎರಡನ್ನೂ ಎತ್ತಿಟ್ಬಿಡಿ. ಬೆಳಗಾಗ್ತಿದ್ದಂಗೆ ಮತ್ತೆ ಕೊಟ್ರಾಯ್ತು. ದೊಡ್ಡ ಬಾತುಗಳಿಗೆ ಏನೂ ಆಗಲ್ಲ."

ವಾರವಿಡೀ ಹಾಗೆಯೇ ಮಾಡಿ ನೋಡಿದರು. ಬಾತುಗಳು ಕತ್ತಲಾದೊಡನೆ ತೆಪ್ಪಗೆ ಮಲಗಿದವು. ಕಮಲಾದೇವಿ ಮಾತ್ರ ಅಭ್ಯಾಸಬಲದಿಂದ ಎಚ್ಚರಗೊಂಡು ಮೆಟ್ಟಿಲಿನ ಕಡೆ ಕಿವಿಗೊಟ್ಟು ಮಲಗಿರುತ್ತಿದ್ದರು. ಈ ಮನೆಯಲ್ಲಿರುವಷ್ಟು ದಿನ ತನಗೆ ನಿದ್ದೆಯಿಲ್ಲ ಎಂದು ಖಚಿತವಾದ ಮೇಲೆ ಗಂಡನ ಮುಂದೆ ಹೋಗಿ ನಿಂತರು.

"ನಾಳೆ ಅಕ್ಕನ ಮನೇಲಿ ಉಳ್ಕೊಂಡು ಬರ್ತೀನಿ ರೀ. ಸಂಜೆ ಬಾತುಗಳ್ದೆಲ್ಲ ಮುಗಿಸೇ ಹೊರಡ್ತೀನಿ. ಬೆಳಿಗ್ಗೆ ಕೆಳಗಿನ ಮನೆ ಬಿಂದುಶ್ರೀ ಫೀಡು, ನೀರು ಇಡ್ತಾಳಂತೆ."

ಚನ್ನಬಸವಯ್ಯ ಪೇಪರು ಮಡಿಸಿ ಪಕ್ಕಕ್ಕಿಟ್ಟರು.

"ಅದೆಲ್ಲ ಸರಿ. ರಾತ್ರಿ ನಂಗೆ ಊಟ?"

ಕಮಲಾದೇವಿ ಗಂಡನ ಮುಖವನ್ನೇ ನೋಡಿದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕಲ್ಲ. ಇಷ್ಟು ದಿನ ಆ ಮೂಕಪ್ರಾಣಿಗಳನ್ನು ಸುಮ್ಮಸುಮ್ಮನೆ ಶಪಿಸಿದೆನಲ್ಲ ಎಂದುಕೊಂಡರು.

"ನೀವೂ ಸಂಜೇನೇ ತಿಂದ್ಬಿಡಿ. ಬೆಳಗಾಗೋವರ್ಗೂ ಏನೂ ಆಗಲ್ಲ" ಎಂದರು.

ಮಾರನೆಯ ರಾತ್ರಿ ಅಕ್ಕ ಒಲೆಯ ಮೇಲೆ ಸಾರು ಬಿಸಿಗಿಟ್ಟು ಬರುವಷ್ಟರಲ್ಲಿ ಕಮಲಾದೇವಿ ಚಪ್ಪಲಿ ಬಿಟ್ಟ ಕಾಲಲ್ಲೇ ದಿವಾನದ ಮೇಲೆ ಮಲಗಿಬಿಟ್ಟಿದ್ದರು. ಜಯಶೀಲಾ ಊಟಕ್ಕೆ ಎಬ್ಬಿಸಲು ಬಗ್ಗಿದವರು ತಂಗಿಯ ಮುಖ ನೋಡಿ, ಹೊದಿಕೆ ಹೊದಿಸಿ, ದೀಪ ಆರಿಸಿ ಹೋದರು.