ಗಿರಣಿ ಗುರುದೇವಿ ಕೊಟ್ಟ ತೀರ್ಪು

ಶಹಾಪುರದ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ ಗುರುದೇವಿಯ ಹಿಟ್ಟಿನ ಗಿರಣಿ ಇದೆ. ಗಂಡ ಸೂಗಪ್ಪ ಎದೆನೋವಿನಿಂದ ಸತ್ತ ಮೇಲೆ ಅದನ್ನು ಆಕೆಯೇ ನಡೆಸಿಕೊಂಡು ಬಂದಳು. ಜೋಳದ ಡಬ್ಬಿ ಹೊತ್ತು ಬಂದ ಹೆಂಗಸರಿಗೆ ಸರದಿ ಕಾಯುವಾಗ ಬೇಸರವಾಗದಿರಲೆಂದು ಗೋಡೆಗೆ ಟೀವಿ ಹಾಕಿಸಿದ್ದಳು. ಗಿರಣಿ ತಿರುಗುವಾಗ ಟೀವಿಯ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಗುರುದೇವಿಗೆ ಮಾತಿನ ಅಗತ್ಯವೂ ಇರಲಿಲ್ಲ.

"ಮಾತು ಬರದು ಕೊಟ್ಟಿರ್ತಾರ. ಮಾರಿ ಯಾರೂ ಬರದು ಕೊಡಂಗಿಲ್ಲ. ಮಾರಿ ನೋಡ್ರಿ," ಎಂದು ಪಾತ್ರಧಾರಿಗಳ ಮುಖದತ್ತ ಬೆರಳು ತೋರಿಸುತ್ತಿದ್ದಳು.

ಆಕೆ ಗಿರಣಿ ನಿಲ್ಲಿಸಿ ಟೀವಿ ನೋಡುತ್ತಿದ್ದುದು ಎರಡೇ ಸಂದರ್ಭಗಳಲ್ಲಿ. ಒಂದು, ಹೊಸ ಧಾರಾವಾಹಿಯ ಮೊದಲ ದಿನ. ಇನ್ನೊಂದು, ಹಳೆಯದರ ಕಡೆಯ ದಿನ. ಆ ಸಂಜೆಗಳಲ್ಲಿ ಬೀಸಿಸುವುದು ಇಲ್ಲದ ಹೆಂಗಸರೂ ಬಂದು ಕೂರುತ್ತಿದ್ದರು. ಅವರಿಗೆ ಬೇಕಾಗಿದ್ದುದು ಧಾರಾವಾಹಿಗಿಂತ ಗುರುದೇವಿಯ ತೀರ್ಪು.

"ಮೊದಲ ದಿನದ್ದು ಮಂದೀನ ಕರಿಯಾಕ ಮಾಡಿರ್ತಾರ, ಕಡೀ ದಿನದ್ದು ಕಳಸಾಕ. ಎರಡರಾಗೂ ಖರೆ ಇರಂಗಿಲ್ಲ. ಎಷ್ಟು ಚಂದ ಸುಳ್ಳು ಹೇಳ್ತಾರ ಅಷ್ಟೇ ನೋಡೋದು."

ಗುಡಿಯ ಮೆಟ್ಟಿಲ ಮೇಲೆ ನಾಯಕಿ ನಾಯಕನಿಗೆ ಡಿಕ್ಕಿ ಹೊಡೆದರೆ ಆ ಧಾರಾವಾಹಿ ವರ್ಷ ತುಂಬುವುದಿಲ್ಲ ಎಂದು ಹೇಳಿಬಿಡುತ್ತಿದ್ದಳು. ಹಾಗೆಯೇ ಆಗುತ್ತಿತ್ತು. ಸೊಸೆಗೆ ವಿಷ ಹಾಕಿದ ಅತ್ತೆ ಕಡೆಯ ದಿನ ಕಾಲು ಹಿಡಿದು ಅತ್ತರೆ, "ಆಕೀದು ಪಗಾರ ಮುಗದದ, ಬುದ್ಧಿ ಬಂದಿಲ್ಲ," ಅನ್ನುತ್ತಿದ್ದಳು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಆದರೆ ಆ ನಾಲಿಗೆ ಟೀವಿಯ ಒಳಗಿನವರಿಗೆ ಒಂದು, ಹೊರಗಿನವರಿಗೆ ಇನ್ನೊಂದು ಎಂದು ಭೇದ ಮಾಡುತ್ತಿರಲಿಲ್ಲ. ಪಕ್ಕದ ಮನೆಯ ಭೀಮಮ್ಮನ ಗಂಡ ಹಣಮಂತ್ರಾಯ ಕುರಿ ಹೊಡೆದುಕೊಂಡು ಹೋದವನು ಬಹಳ ದಿನಗಳಿಂದ ಮನೆಗೆ ಬಂದಿರಲಿಲ್ಲ. ಒಂದು ಧಾರಾವಾಹಿಯ ಕಡೆಯ ದಿನ, ಬಿಟ್ಟುಹೋದ ಗಂಡ ಮರಳಿ ಬಂದು ಹೊಸ್ತಿಲಲ್ಲಿ ನಿಂತಾಗ ಭೀಮಮ್ಮ ಸೆರಗು ಬಾಯಿಗೆ ಒತ್ತಿ ಅತ್ತಳು. ಗುರುದೇವಿ ಎಲ್ಲರೆದುರು ಹೇಳಿದಳು:

"ಟೀವ್ಯಾಗಿನ ಗಂಡ ಬಂದ ಅಂತ ನೀ ಯಾಕ ಅಳ್ತೀಯವ್ವ? ನಿನ್ ಗಂಡ ಸುರಪುರದ ಕಡೆ ಇನ್ನೊಬ್ಬಾಕಿ ಕೂಡ ಮನಿ ಮಾಡ್ಯಾನ. ಅಂವ ಬರಂಗಿಲ್ಲ."

ಊರಿಗೆಲ್ಲ ಗೊತ್ತಿದ್ದ ಮಾತೇ. ಆದರೂ ಅಲ್ಲಿಯವರೆಗೆ ಭೀಮಮ್ಮನ ಮುಖಕ್ಕೆ ಯಾರೂ ಅದನ್ನು ಹೇಳಿರಲಿಲ್ಲ. ಭೀಮಮ್ಮ ಡಬ್ಬಿ ಎತ್ತಿಕೊಂಡು ಹೋದಳು. ಮುಂದಿನ ವಾರ ಮತ್ತೆ ಬಂದಳು. ಇನ್ನೊಂದು ಗಿರಣಿ ಸುಲ್ತಾನಸಾಬನದು, ಬಸ್ ನಿಲ್ದಾಣದ ಹತ್ತಿರ. ತಲೆ ಮೇಲೆ ಡಬ್ಬಿ ಹೊತ್ತು ಅಷ್ಟು ದೂರ ನಡೆಯಲಾಗುತ್ತಿರಲಿಲ್ಲ.

ಗುರುದೇವಿಗೆ ಒಬ್ಬಳೇ ಮಗಳು, ಕಸ್ತೂರಿ. ಕಲಬುರಗಿಯಲ್ಲಿ ಕಾಲೇಜು ಓದುವಾಗ ನಾಟಕದ ಹುಚ್ಚು ಹತ್ತಿಸಿಕೊಂಡು ಬೆಂಗಳೂರು ಸೇರಿದ್ದಳು. ಮದುವೆ ಮನೆಯ ಗುಂಪಿನಲ್ಲಿ ನಿಲ್ಲುವುದು, ತಟ್ಟೆ ಹಿಡಿದು ಒಳಗೆ ಹೋಗುವುದು, ಇಂಥವನ್ನೇ ಮಾಡುತ್ತ ಕೆಲವು ವರ್ಷ ಕಳೆದಳು. ಕಡೆಗೆ ಒಂದು ಹೊಸ ಧಾರಾವಾಹಿಯಲ್ಲಿ ನಾಯಕನ ತಂಗಿಯ ಪಾತ್ರ ಸಿಕ್ಕಿತು.

"ಅವ್ವಾ, ಸೋಮವಾರ ಸಂಜಿಗೆ ಮೊದಲ್ನೇ ಸಂಚಿಕೆ," ಎಂದು ಫೋನು ಮಾಡಿದಳು. "ಓಣ್ಯಾಗಿನೋರ್ನ ಎಲ್ಲಾರ್ನೂ ಕರಿ."

ಗುರುದೇವಿ ಕರೆದಳು. ಚುರುಮುರಿ ಸೂಸಲ ಮಾಡಿದಳು, ಚಹಾ ಕಾಸಿದಳು. ಗಿರಣಿಯ ತುಂಬ ಜನ. ಪಕ್ಕದ ಮೊಬೈಲ್ ಅಂಗಡಿಯ ಶರಣಕುಮಾರ ಬಾಗಿಲಲ್ಲಿ ನಿಂತು ಫೋನು ಎತ್ತಿ ಹಿಡಿದು ವಿಡಿಯೋ ತೆಗೆಯುತ್ತಿದ್ದ. ಮೊದಲ ಸಂಚಿಕೆಯಲ್ಲೇ ಮನೆಯ ಯಜಮಾನ ಸಾಯುತ್ತಾನೆ. ಕಸ್ತೂರಿ ಅಪ್ಪನ ಹೆಣದ ಮೇಲೆ ಬಿದ್ದು ಅಳಬೇಕು. ಅತ್ತಳು. ಹೆಂಗಸರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಸಂಚಿಕೆ ಮುಗಿದದ್ದೇ ಎಲ್ಲರ ಮುಖ ಗುರುದೇವಿಯ ಕಡೆ ತಿರುಗಿತು.

"ಹೆಂಗದ್ರಿ ಕಾಕಿ?" ಎಂದ ಶರಣಕುಮಾರ.

ಗುರುದೇವಿ ಟೀವಿಯ ದನಿ ತಗ್ಗಿಸಿದಳು. ಆಮೇಲೆ ಅಂದಳು: "ಧಾರಾವಾಹಿ ನಡೀತದ. ನನ್ ಮಗಳು ನಡ್ಯಂಗಿಲ್ಲ. ಕಣ್ಣಾಗ ನೀರು ಅದಾವ, ಮಾರ್ಯಾಗ ದುಃಖಿಲ್ಲ. ಖರೇನ ಅವರಪ್ಪ ಸತ್ತಾಗೂ ಹಿಂಗೇ ಅತ್ತಿದ್ಲು, ಯಾರ್ಯಾರು ನೋಡಾಕತ್ತಾರ ಅಂತ ನೋಡಕೋತ."

ಮರುದಿನದ ಹೊತ್ತಿಗೆ ಆ ವಿಡಿಯೋ ಸುರಪುರ, ಯಾದಗಿರಿ ದಾಟಿ ಹೋಗಿತ್ತು. ಯಾರೋ ಅದಕ್ಕೆ ತಮಾಷೆಯ ಸಂಗೀತ ಸೇರಿಸಿದರು. ಕಸ್ತೂರಿ ಅಳುವ ದೃಶ್ಯ, ಅದರ ಹಿಂದೆಯೇ ತಾಯಿಯ ತೀರ್ಪು. ಹೀಗೆ ಜೋಡಿಸಿ ಹಂಚಿದರು. ಹೆತ್ತ ತಾಯಿಯೇ ಒಪ್ಪದ ನಟಿ ಎಂಬ ಹೆಸರು ಬಂತು. ಚಿತ್ರೀಕರಣದ ಜಾಗದಲ್ಲಿ ದೀಪ ಹಿಡಿಯುವವರೂ ಆಕೆ ಅಳಲು ನಿಂತರೆ ನಗತೊಡಗಿದರು. ಸ್ವಲ್ಪ ದಿನಕ್ಕೆ ನಾಯಕನ ತಂಗಿ ಬಸ್ ಅಪಘಾತದಲ್ಲಿ ಸತ್ತಳು. ಅಪಘಾತವನ್ನು ತೋರಿಸುವ ಖರ್ಚನ್ನೂ ಮಾಡಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ತೋರಿಸಿದರು.

ಆ ದಿನ ಕಸ್ತೂರಿ ಫೋನು ಮಾಡಿದಳು.

"ಒಂದಿನ ಚೊಲೋ ಮಾಡೀದಿ ಅಂದಿದ್ರ ನಿನ್ ಗಂಟೇನು ಹೋಗ್ತಿತ್ತವ್ವ?"

"ನೀ ಚೊಲೋ ಮಾಡಿದ್ದಿಲ್ಲಲ್ಲ."

"ಅದು ನನಗೂ ಗೊತ್ತಿತ್ತು," ಎಂದು ಕಸ್ತೂರಿ ಫೋನು ಇಟ್ಟಳು. ಆಮೇಲೆ ಊರಿಗೆ ಫೋನು ಮಾಡುವುದನ್ನೇ ಬಿಟ್ಟಳು.

ಆ ಧಾರಾವಾಹಿ ಮಾತ್ರ ಚೆನ್ನಾಗಿಯೇ ನಡೆದು ಮುಗಿಯಲು ಬಂತು. ಕಡೆಯ ಸಂಚಿಕೆಯ ನಂತರ ಚಾನೆಲ್ಲಿನವರು ಒಂದು ಕಾರ್ಯಕ್ರಮ ಇಟ್ಟರು. ಅದರಲ್ಲಿ ಪಾತ್ರ ಮಾಡಿದ್ದವರನ್ನೆಲ್ಲ, ಸತ್ತವರನ್ನೂ ಸೇರಿಸಿ, ಕರೆದಿದ್ದರು. ಗಿರಣಿಯಲ್ಲಿ ಎಂದಿನಂತೆ ಜನ ಕೂಡಿದ್ದರು. ಕಸ್ತೂರಿ ವೇದಿಕೆಗೆ ಬಂದಾಗ ದೊಡ್ಡ ಪರದೆಯ ಮೇಲೆ ಗುರುದೇವಿಯ ವಿಡಿಯೋ ಹಾಕಿದರು. ಸಭೆ ನಕ್ಕಿತು. ಕಸ್ತೂರಿಯೂ ನಕ್ಕಳು. ನಂತರ ಎಡಗೈ ತೋಳಿನ ಬಟ್ಟೆ ಮೇಲೆ ಸರಿಸಿ, ಮೊಣಕೈವರೆಗಿನ ಸುಟ್ಟ ಕಲೆ ತೋರಿಸಿದಳು. ಚಿಕ್ಕವಳಿದ್ದಾಗ ಕನ್ನಡಿ ಮುಂದೆ ಕುಣಿದದ್ದಕ್ಕೆ ಅವ್ವ ಕಾದ ಹಂಚಿಗೆ ಕೈ ಒತ್ತಿ ಹಿಡಿದಳು ಎಂದಳು. ದನಿ ಏರಲಿಲ್ಲ. ಕಣ್ಣೀರು ತಡವಾಗಿ ಬಂತು, ಬಂದ ಮೇಲೆ ನಿಲ್ಲಲಿಲ್ಲ. ನಿರೂಪಕಿ ಎದ್ದು ಬಂದು ತಬ್ಬಿಕೊಂಡಳು.

ನಡೆದದ್ದು ಬೇರೆ. ಪಂಚಮಿ ಹಬ್ಬದ ಹಿಂದಿನ ದಿನ ಕರಚಿಕಾಯಿ ಕರಿಯುವಾಗ, ಮಗು ಕಸ್ತೂರಿ ಕೈ ಚಾಚಿ ಎಣ್ಣೆಯ ಬಾಣಲೆ ಎಳೆದುಕೊಂಡಿತ್ತು. ಗುರುದೇವಿ ಅವಳನ್ನು ಎತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದ್ದಳು. ಕೊಡದಲ್ಲಿ ನೀರು ತಂದು ಸುರಿದವಳು, ಜೊತೆಗೆ ಓಡಿದವಳು ಭೀಮಮ್ಮ.

ಗಿರಣಿಯಲ್ಲಿ ಯಾರೂ ಗುರುದೇವಿಯ ಕಡೆ ನೋಡಲಿಲ್ಲ. ಆಕೆ ಭೀಮಮ್ಮನತ್ತ ತಿರುಗಿದಳು.

"ನೀ ಇದ್ದಿಯಲ್ಲ ಅವತ್ತ. ಹೇಳು ಇವರಿಗೆ."

ಭೀಮಮ್ಮ ಜಾಹೀರಾತು ನೋಡುತ್ತಿದ್ದಳು. "ನನಗ ನೆನಪಿಲ್ರಿ ಅಕ್ಕ. ಭಾಳ ದಿನದ ಮಾತು," ಅಂದಳು.

ಹೊಸದಾಗಿ ಮದುವೆಯಾಗಿ ಓಣಿಗೆ ಬಂದಿದ್ದ ಸರೋಜಾ ಮೆಲ್ಲಗೆ ಕೇಳಿದಳು, "ಖರೇನ್ರಿ ಅದು?"

"ಸುಳ್ಳು," ಎಂದಳು ಗುರುದೇವಿ. ಇನ್ನೂ ಪರದೆಯನ್ನೇ ನೋಡುತ್ತ ಮುಂದುವರಿದಳು, "ಆದ್ರ ಈ ಸಲ ಮಾರ್ಯಾಗ ಎಲ್ಲಾ ಇತ್ತು."

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಮಗಳ ಕೈ ಸುಟ್ಟವಳು, ಅದನ್ನು ಹೇಳಿಕೊಂಡು ಮಗಳು ಅತ್ತರೆ ಆ ಅಳುವಿಗೂ ಮಾರ್ಕು ಕೊಟ್ಟಳು ಎಂದು ಊರೆಲ್ಲ ಆಯಿತು. ಗಿರಣಿಯ ಬಾಗಿಲಿಗೆ ಯಾರೋ ಸಗಣಿ ಎರಚಿದರು. ಡಬ್ಬಿಗಳು ಸುಲ್ತಾನಸಾಬನ ಗಿರಣಿಯ ದಾರಿ ಹಿಡಿದವು. ದೂರ ಎಂದು ಈಗ ಯಾರೂ ಅನ್ನಲಿಲ್ಲ. ಸುಲ್ತಾನಸಾಬ ಒಂದು ದಿನ ಬಂದು, "ಅಕ್ಕಾ, ನಾ ಯಾರ್ನೂ ಕರದಿಲ್ರಿ," ಎಂದು ಹೇಳಿ ಹೋದ.

ಗುರುದೇವಿ ಯಾದಗಿರಿಗೆ ಹೋಗಿ ಬೆಂಗಳೂರಿನ ರೈಲು ಹತ್ತಿದಳು. ಕಸ್ತೂರಿ ತಾಯಿಯನ್ನು ಮೇಲೆ ಮನೆಗೆ ಕರೆಯಲಿಲ್ಲ. ಕೆಳಗೆ ಗೇಟಿನ ಹತ್ತಿರ, ಕಾವಲುಗಾರನ ಕುರ್ಚಿಯ ಪಕ್ಕದಲ್ಲಿ ನಿಂತೇ ಮಾತಾಡಿದರು.

"ಯಾಕ ಹಂಗ ಹೇಳ್ದಿ?"

"ಕಡೀ ದಿನ ಅದ, ಏನರ ಗಟ್ಟಿದು ಕೊಡ್ರಿ ಅಂದ್ರು. ಕೊಟ್ಟೆ."

"ಮಂದಿ ನಂಬ್ಯಾರ."

"ನೀ ಹೇಳಿದ್ದೂ ನಂಬಿದ್ರವ್ವ."

ತಾಯಿ ತನ್ನ ಚೀಲ ತೋಳಿಗೇರಿಸಿಕೊಂಡು ಹೊರಟಳು. ಕಸ್ತೂರಿ ಹಿಂದಿನಿಂದ ಕರೆದಳು. ಹೊಸ ಧಾರಾವಾಹಿಯಲ್ಲಿ ಆಗಲೇ ನಾಯಕಿಯ ಪಾತ್ರ ಸಿಕ್ಕಿತ್ತು, ಊರೆಲ್ಲ ಹೊಗಳುತ್ತಿತ್ತು. ಆದರೂ ಕೇಳಿದಳು: "ಹೆಂಗಿತ್ತು, ನಾ ಮಾಡಿದ್ದು?"

ಅಂಥ ಅಳುವನ್ನು ಗುರುದೇವಿ ಯಾವ ಕಡೆಯ ಸಂಚಿಕೆಯಲ್ಲೂ ನೋಡಿರಲಿಲ್ಲ. ಮಗಳ ಮುಖವನ್ನು ನೆಟ್ಟಗೆ ನೋಡಿ ಹೇಳಿದಳು:

"ಸುಮಾರಿತ್ತು. ಅಳೋದು ಹೆಚ್ಚಾತು."

ಕಸ್ತೂರಿಯ ಬಾಯಿ ಸ್ವಲ್ಪ ತೆರೆದು ಹಾಗೇ ನಿಂತಿತು. ಗುರುದೇವಿ ಅದನ್ನು ನೋಡಿಯೇ ಅಲ್ಲಿಂದ ಕದಲಿದಳು.

ಮುಂದಿನ ಬೇಸಿಗೆಯಲ್ಲಿ ಕಸ್ತೂರಿಯ ಮದುವೆಯಾಯಿತು. ಊರಿಗೆ ಪತ್ರಿಕೆ ಬರಲಿಲ್ಲ. ಎಷ್ಟೋ ದಿನಗಳಿಂದ ಗಿರಣಿಯತ್ತ ಸುಳಿಯದಿದ್ದ ಭೀಮಮ್ಮ ಒಂದು ಮಧ್ಯಾಹ್ನ ಡಬ್ಬಿಯಿಲ್ಲದೆ ಬಂದು ಫೋನಿನಲ್ಲಿದ್ದ ಮದುವೆಯ ಫೋಟೋ ಮುಂದೆ ಹಿಡಿದಳು. ಹೊಸ ಧಾರಾವಾಹಿಯಲ್ಲಿ ಕಸ್ತೂರಿಯ ತಾಯಿಯಾಗಿದ್ದ ನಟಿಯೇ ಮದುವೆಯಲ್ಲೂ ತಾಯಿಯ ಜಾಗದಲ್ಲಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮಗಳ ಕೈಯನ್ನು ವರನ ಕೈಗೆ ಕೊಡುತ್ತಿದ್ದಳು.

"ನೋಡ್ರಿ ಅಕ್ಕ. ಹೆಂಗದ?" ಎಂದಳು ಭೀಮಮ್ಮ.

ಗುರುದೇವಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಗಾಜಿನ ಮೇಲೆ ಹಿಟ್ಟು ಹತ್ತಿತು. ಸೆರಗಿನಿಂದ ಒರೆಸಿ ಫೋನು ತಿರುಗಿ ಕೊಟ್ಟಳು.

"ಊಟಕ್ಕ ಏನೇನ್ ಮಾಡಿಸಿದ್ರಂತ?" ಎಂದು ಕೇಳಿದಳು.

ಭೀಮಮ್ಮನಿಗೆ ಅದು ಗೊತ್ತಿರಲಿಲ್ಲ.